ಹಳೇ ಮನೆಯ ಔಷಧಿ ಕೋಣೆ ತೆರವು ಮಾಡುವ ಬಗೆ: ಪೊರಕೆ, ನೀರು, ಬೆಂಕಿ ಮೂರೂ ಮೊದಲು ಬೇಡ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ತಿ. ನರಸೀಪುರದ ಕಡೆ ಹಳೇ ತೊಟ್ಟಿಮನೆಗಳನ್ನು ಕೆಡವುವಾಗಲೋ ಪಾಲಾದ ಮೇಲೆ ರಿಪೇರಿಗೆ ಎತ್ತಿಕೊಂಡಾಗಲೋ ಬೆಳೆಗೆ ಹೊಡೆಯುವ ಕೀಟನಾಶಕ ಇಡುತ್ತಿದ್ದ ಒಂದು ಕೋಣೆ ಎದುರಾಗುತ್ತದೆ. ಹಿತ್ತಲ ಕಡೆಯದೋ ಕೊಟ್ಟಿಗೆಗೆ ಅಂಟಿಕೊಂಡದ್ದೋ ಇರುತ್ತದೆ, ಬಾಗಿಲಿಗೆ ತುಕ್ಕು ಹಿಡಿದ ಚಿಲಕ. ಒಳಗೆ ಸ್ಪ್ರೇಯರ್, ಹರಿದ ಗೋಣಿಚೀಲ, ಲೇಬಲ್ ಉದುರಿದ ಬಾಟಲಿ, ಗಟ್ಟಿಯಾದ ಪುಡಿ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಮುಗ್ಗುಲು ವಾಸನೆ. ಆಳು ಕರೆಸಿ, ಗುಡಿಸಿ, ನಾಲ್ಕು ಕೊಡ ನೀರು ಹೊಡೆದು, ಕಸಕ್ಕೆ ಬೆಂಕಿ ಹಚ್ಚಿ, ಗೋಡೆಗೆ ಸುಣ್ಣ ಬಳಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಈ ನಾಲ್ಕು ಕೆಲಸವೂ ಕೋಣೆಯಲ್ಲಿದ್ದ ವಿಷವನ್ನು ಮನೆಗೆ, ಬಾವಿಗೆ, ಪುಪ್ಪುಸಕ್ಕೆ ಹಂಚುತ್ತವೆ. ಗುಡಿಸಿದರೆ ದೂಳಾಗಿ ಏಳುತ್ತದೆ, ತೊಳೆದರೆ ನೆಲಕ್ಕೆ ಇಳಿಯುತ್ತದೆ, ಸುಟ್ಟರೆ ಹೊಗೆಯಾಗಿ ಬರುತ್ತದೆ. ವಿಷವನ್ನು ಇದ್ದಲ್ಲೇ ಹಿಡಿದು, ಒಣಗಿದ್ದಾಗಲೇ ಎತ್ತಿ, ಮುಚ್ಚಿದ ಪಾತ್ರೆಯಲ್ಲಿ ಹೊರಗೆ ಕಳಿಸಬೇಕು. ಮುಂದೆ ಹೇಳಿರುವುದೆಲ್ಲ ಇದಕ್ಕಾಗಿಯೇ.

ನಮ್ಮಲ್ಲಿ ಕೀಟನಾಶಕವನ್ನು ಯಾರೂ ವಿಷ ಎನ್ನುವುದಿಲ್ಲ, ‘ಔಷಧಿ’ ಎನ್ನುತ್ತಾರೆ. ಆ ಹೆಸರಿಗೇ ಭಯ ಅರ್ಧ ಇಳಿದುಬಿಡುತ್ತದೆ. ‘ಇಷ್ಟು ವರ್ಷವಾಯಿತು, ಶಕ್ತಿ ಹೋಗಿರುತ್ತೆ ಬಿಡಿ’ ಎನ್ನುವ ಮಾತೂ ಸುಳ್ಳು. ಹೊಲದಲ್ಲಾದರೆ ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಸೇರಿ ಮೀಥೈಲ್ ಪ್ಯಾರಾಥಿಯಾನ್‌ನಂಥದ್ದನ್ನು ಕೆಲವು ವಾರಗಳಲ್ಲಿ ಒಡೆದುಹಾಕುತ್ತವೆ. ಕತ್ತಲೆಯ ಒಣ ಕೋಣೆಯಲ್ಲಿ ಅದೇ ವಸ್ತು ವರ್ಷಗಟ್ಟಲೆ ಉಳಿಯುತ್ತದೆ. ಡಿಡಿಟಿ, ಬಿಎಚ್‌ಸಿ, ಎಂಡ್ರಿನ್‌ಗಳಂತೂ ಮಣ್ಣಿನಲ್ಲೇ ದಶಕಗಟ್ಟಲೆ ಇರುವಂಥವು. ಎಂಡ್ರಿನ್ 1990ರಲ್ಲಿ, ಬಿಎಚ್‌ಸಿ 1997ರಲ್ಲಿ, ಎಂಡೋಸಲ್ಫಾನ್ 2011ರಲ್ಲಿ, ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ, ಫೋರೇಟ್ 2020ರ ಕೊನೆಗೆ ನಿಷೇಧವಾದವು. ಅಂಗಡಿಯಲ್ಲಿ ಮಾರಾಟ ನಿಂತಿತು, ಅಟ್ಟದ ಮೇಲೆ ಇದ್ದದ್ದು ಅಟ್ಟದ ಮೇಲೇ ಉಳಿಯಿತು.

ಮೊದಲ ದಿನ: ಮುಟ್ಟದೆ ನೋಡುವುದು

ಮೇನ್ ಸ್ವಿಚ್ ಆರಿಸಿ. ಒಳಗಿನ ಲೈಟ್ ಸ್ವಿಚ್ ಒತ್ತಬೇಡಿ, ಬೀಡಿ, ದೀಪ ಹತ್ತಿರ ತರಬೇಡಿ. ದ್ರವ ಔಷಧಿಗಳಲ್ಲಿ ಕ್ಸೈಲೀನ್‌ನಂಥ ದ್ರಾವಕ ಇರುತ್ತದೆ. ಸೋರಿದ್ದರೆ ಅದರ ಆವಿ ಸೀಮೆಎಣ್ಣೆಗಿಂತ ಬೇಗ ಹೊತ್ತಿಕೊಳ್ಳುತ್ತದೆ. ಬಾಗಿಲು ತೆರೆದು, ಹೊರಗಡೆಯಿಂದ ತೆಗೆಯಬಹುದಾದ ಕಿಟಕಿ ಇದ್ದರೆ ಅದನ್ನೂ ತೆರೆದು, ಒಂದಿಡೀ ದಿನ ಗಾಳಿಯಾಡಲು ಬಿಡಿ. ಮನೆಯೊಳಕ್ಕೆ ತೆರೆಯುವ ಬಾಗಿಲಿದ್ದರೆ ಅದನ್ನು ಮಾತ್ರ ಪ್ಲಾಸ್ಟಿಕ್ ಹಾಳೆ ಮತ್ತು ಟೇಪಿನಿಂದ ಮುಚ್ಚಬೇಕು. ಮಕ್ಕಳು, ದನ, ಕೋಳಿ ಯಾವುದೂ ಹತ್ತಿರ ಸುಳಿಯಬಾರದು. ದನ ಗೋಡೆ ನೆಕ್ಕುತ್ತದೆ, ಕೋಳಿ ನೆಲ ಕೆರೆಯುತ್ತದೆ. ಬಿಎಚ್‌ಸಿ, ಡಿಡಿಟಿಗಳು ಕೊಬ್ಬಿನಲ್ಲಿ ಕರಗುವ ಗುಣದವು, ಹಾಗಾಗಿ ನೇರ ಹಾಲಿಗೂ ಮೊಟ್ಟೆಗೂ ಬರುತ್ತವೆ.

ಮರುದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತು ಟಾರ್ಚ್ ಬಿಟ್ಟು ನೋಡಿ, ಫೋಟೊ ತೆಗೆದುಕೊಳ್ಳಿ, ಪಟ್ಟಿ ಬರೆಯಿರಿ. ಲೇಬಲ್ ಇದ್ದರೆ ಅದರ ಮೇಲಿನ ವಜ್ರಾಕಾರದ ಗುರುತಿನ ಕೆಳ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ತೀವ್ರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಆಮೇಲೆ ನೀಲಿ, ಹಸಿರು. ಆದರೆ ಹಸಿರು ಅಂದರೆ ಮುಟ್ಟಬಹುದು ಎಂದಲ್ಲ. ಲೇಬಲ್ ಇಲ್ಲದಿದ್ದರೆ ರೂಪದಿಂದ ಸ್ವಲ್ಪಮಟ್ಟಿಗೆ ಊಹಿಸಬಹುದು. ಬಿಳಿ ಅಥವಾ ಬೂದು ಪುಡಿ, ಬಿಡದ ಮುಗ್ಗುಲು ವಾಸನೆ ಇದ್ದರೆ ಬಿಎಚ್‌ಸಿ. ಹಳಬರು ಗಮಾಕ್ಸಿನ್ ಪುಡಿ ಎನ್ನುತ್ತಿದ್ದದ್ದು ಇದನ್ನೇ. ನೇರಳೆ ಬಣ್ಣದ ಮರಳಿನಂಥ ಹರಳು ಕಾರ್ಬೋಫ್ಯುರಾನ್. ಗಬ್ಬು ನಾರುವ ಹರಳು ಫೋರೇಟ್. ಬೆಳ್ಳುಳ್ಳಿ ಕೊಳೆತಂಥ ವಾಸನೆಯ ಕಂದು ದ್ರವ ಫಾಲಿಡಾಲ್ (ಪ್ಯಾರಾಥಿಯಾನ್) ಜಾತಿಯದು. ನೀಲಿ ಹರಳು ಮೈಲುತುತ್ತ, ಹಳದಿ ಪುಡಿ ಗಂಧಕ; ಇವೆರಡೂ ಉಳಿದವುಗಳ ಮುಂದೆ ಸಾಧು. ವಾಸನೆ ತಾನಾಗಿ ಮೂಗಿಗೆ ಬಂದರೆ ಗಮನಿಸಿ, ಬಾಟಲಿ ಎತ್ತಿ ಮೂಸಿ ನೋಡಬೇಡಿ.

ಎರಡು ವಸ್ತು ಕಂಡರೆ ಅಲ್ಲಿಗೇ ಕೈ ನಿಲ್ಲಿಸಬೇಕು.

ಒಂದು, ಫಾಸ್ಫೈಡ್. ಅಲ್ಯುಮಿನಿಯಂ ಕೊಳವೆಯಲ್ಲಿ ಬರುವ 3 ಗ್ರಾಂನ ದಪ್ಪ ಮಾತ್ರೆ ಅಲ್ಯುಮಿನಿಯಂ ಫಾಸ್ಫೈಡ್, ಭತ್ತ, ರಾಗಿಯ ಹುಳಕ್ಕೆ ಇಡುವುದು. ಕಪ್ಪು-ಬೂದು ಪುಡಿ ಜಿಂಕ್ ಫಾಸ್ಫೈಡ್, ಇಲಿ ಪಾಷಾಣ. ಒಂದು ಮಾತ್ರೆಗೆ ತೇವ ತಗುಲಿದರೆ ಸುಮಾರು 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ನಾಲ್ಕೈದು ಮಾತ್ರೆ ಸಾಕು ಪ್ರಾಣ ಹೋಗಲು. ಇದಕ್ಕೆ ಪ್ರತಿವಿಷವಿಲ್ಲ. ಹಳೆಯ ಕೊಳವೆ ಉಬ್ಬಿದ್ದರೆ ಮುಚ್ಚಳ ತೆಗೆದ ಕ್ಷಣ ಭಗ್ಗೆಂದು ಹೊತ್ತಿಕೊಳ್ಳಬಹುದು. ನೀರು, ಸೋಪು, ಆಸಿಡ್ ಯಾವುದೂ ಅದರ ಹತ್ತಿರ ಹೋಗಬಾರದು. ಸಾಮಾನ್ಯ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ.

ಇನ್ನೊಂದು, ಪಾದರಸ. ಕಬ್ಬಿನ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಬಿತ್ತನೆ ತುಂಡುಗಳನ್ನು ನಾಟಿಗೆ ಮುಂಚೆ ಅಗಲಾಲ್, ಅರೆಟಾನ್ ಕರಗಿಸಿದ ನೀರಿನಲ್ಲಿ ಅದ್ದುವ ಪದ್ಧತಿ ಇತ್ತು; ಅವು ಪಾದರಸದ ಸಂಯುಕ್ತಗಳು. ಅದ್ದುತ್ತಿದ್ದ ಕಲ್ಲುತೊಟ್ಟಿ ಹಿತ್ತಲಲ್ಲಿ ಇನ್ನೂ ಇರಬಹುದು, ಈಗ ಅದೇ ದನದ ಕಲಗಚ್ಚಿನ ತೊಟ್ಟಿಯಾಗಿರಬಹುದು. ಅದರಲ್ಲಿ ನೀರು ಕುಡಿಸುವುದನ್ನು ಇಂದೇ ನಿಲ್ಲಿಸಿ. ಪಾದರಸವನ್ನು ಯಾವ ಸೋಪೂ ಯಾವ ಸುಣ್ಣವೂ ಒಡೆಯಲಾರದು, ಅದು ಮೂಲಧಾತು.

ಈ ಎರಡರಲ್ಲಿ ಯಾವುದಾದರೂ ಇದ್ದರೆ, ದ್ರವ ಸೋರಿ ನೆಲದಲ್ಲಿ ಮಡುಗಟ್ಟಿದ್ದರೆ, ಅಥವಾ ಒಟ್ಟು ಸರಕು ಹತ್ತು-ಹದಿನೈದು ಕೆಜಿ ದಾಟಿದರೆ ಮನೆಯವರು ಕೈಹಾಕುವುದು ಬೇಡ. ಬಾಗಿಲು ಮುಚ್ಚಿ ಬೀಗ ಹಾಕಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಫೋಟೊ ಸಮೇತ ಬರೆದುಕೊಡಿ. ಮೈಸೂರಿನಲ್ಲೂ ಮಂಡ್ಯದಲ್ಲೂ ಕಚೇರಿ ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸಿ. ಬಾಯಿಮಾತು ಸಾಲದು, ಸ್ವೀಕೃತಿ ತೆಗೆದುಕೊಳ್ಳಿ.

ಹಗೇವು ಇದ್ದರೆ ಅದರದೇ ಎಚ್ಚರಿಕೆ. ರಾಗಿ ತುಂಬುತ್ತಿದ್ದ ನೆಲದಡಿಯ ಹಗೇವಿಗೆ ದೀಪ ಇಳಿಸಿ, ಆರದಿದ್ದರೆ ಇಳಿಯಬಹುದು ಎನ್ನುವುದು ಹಳೇ ಕ್ರಮ. ದೀಪ ಹೇಳುವುದು ಉಸಿರಾಡುವ ಗಾಳಿ ಇದೆಯೋ ಇಲ್ಲವೋ ಅಷ್ಟನ್ನೇ, ವಿಷಾನಿಲ ಇದೆಯೋ ಎಂದು ಅದು ಹೇಳಲಾರದು. ಮಾತ್ರೆ ಹಾಕಿದ್ದ ಹಗೇವಿಗೆ ದೀಪವನ್ನೂ ಇಳಿಸಬೇಡಿ, ಮನುಷ್ಯನನ್ನೂ ಇಳಿಸಬೇಡಿ.

ಬೇಕಾದ ಸಾಮಾನು

10 ಅಡಿಗೆ 12 ಅಡಿಯ ಕೋಣೆ ಎಂದು ಲೆಕ್ಕ ಹಿಡಿಯೋಣ. ಇಬ್ಬರು ಕೆಲಸಕ್ಕೆ, ಒಬ್ಬರು ಹೊರಗೆ ಕಾವಲಿಗೆ. ಒಬ್ಬೊಬ್ಬರಿಗೂ ಸಾವಯವ ಆವಿ ಮತ್ತು ದೂಳು ಎರಡನ್ನೂ ತಡೆಯುವ ಎ2ಪಿ3 ಕಾರ್ಟ್ರಿಜ್‌ನ ಅರ್ಧಮುಖದ ರೆಸ್ಪಿರೇಟರ್ ಬೇಕು. ಎನ್95 ದೂಳನ್ನು ಮಾತ್ರ ಹಿಡಿಯುತ್ತದೆ, ಆವಿಯನ್ನು ಬಿಡುತ್ತದೆ. ಗಡ್ಡವಿದ್ದರೆ ರೆಸ್ಪಿರೇಟರ್ ಮುಖಕ್ಕೆ ಕೂರುವುದಿಲ್ಲ, ಬೋಳಿಸಿಕೊಳ್ಳಲೇಬೇಕು. ಟೈವೆಕ್‌ನಂಥ ಬಿಸಾಡುವ ಮೇಲುಡುಪು ಒಬ್ಬರಿಗೆ ಮೂರು, ಮುಚ್ಚುಗನ್ನಡಕ, ಮೊಣಕೈವರೆಗಿನ ದಪ್ಪ ನೈಟ್ರೈಲ್ ಗ್ಲೌಸು ಎರಡು ಜೊತೆ, ರಬ್ಬರ್ ಗಮ್‌ಬೂಟು. ಚರ್ಮದ ಚಪ್ಪಲಿ, ಷೂ ಬೇಡ. ಚರ್ಮ ಔಷಧಿಯನ್ನು ಹೀರಿಕೊಂಡರೆ ತೊಳೆದು ತೆಗೆಯಲಾಗದು. ಅಡುಗೆಮನೆಯ ತೆಳು ಗ್ಲೌಸನ್ನು ಔಷಧಿಯ ದ್ರಾವಕ ಸ್ವಲ್ಪ ಹೊತ್ತಿನಲ್ಲೇ ದಾಟಿಬಿಡುತ್ತದೆ.

ಅಗಲ ಬಾಯಿ, ಕ್ಲಾಂಪ್ ಮುಚ್ಚಳದ 50 ಲೀಟರಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಡ್ರಮ್ ನಾಲ್ಕು, ತೊಳೆದ ನೀರಿಗೆ 100 ಲೀಟರಿನದು ಒಂದು. 600 ಗೇಜಿನ ಪಾಲಿಥಿನ್ ಹಾಳೆ, ಅಗಲ ಟೇಪು, ಒಣ ಕೆಮ್ಮಣ್ಣು ನಾಲ್ಕು ಬಾಂಡ್ಲಿ, ಪ್ಲಾಸ್ಟಿಕ್ ಮೊರ, ಗಟ್ಟಿ ರಟ್ಟು, ಹತ್ತಿ ಬಟ್ಟೆ ಮೂರು-ನಾಲ್ಕು ಕೆಜಿ, ಕೈಪಂಪಿನ ಸಣ್ಣ ಸ್ಪ್ರೇಯರ್, ಬಟ್ಟೆ ಸೋಡ 3 ಕೆಜಿ, ದ್ರವ ಸೋಪು. ಬಟ್ಟೆ ಸೋಡ ಅಂದರೆ ವಾಷಿಂಗ್ ಸೋಡ. ಅಡುಗೆ ಸೋಡದಲ್ಲಿ ಅಷ್ಟು ಕ್ಷಾರವಿಲ್ಲ, ಅದು ಕೆಲಸಕ್ಕೆ ಬಾರದು.

ಡಿಸೆಂಬರ್-ಜನವರಿಯ ಬೆಳಿಗ್ಗೆ 7ರಿಂದ 10 ಒಳ್ಳೆಯ ಹೊತ್ತು. ಮಾರ್ಚ್ ಆದಮೇಲೆ ಹೆಂಚಿನಡಿ ಕಾವು ಏರಿ ಆವಿ ಹೆಚ್ಚುತ್ತದೆ, ಉಡುಪಿನೊಳಗೆ ಮೈ ಬೇಯುತ್ತದೆ, ಬೆವರಿದ ಚರ್ಮ ವಿಷವನ್ನು ಬೇಗ ಒಳಗೆ ಬಿಡುತ್ತದೆ. ಅರ್ಧ ಗಂಟೆ ಕೆಲಸ, ಹೊರಬಂದು ಹದಿನೈದು ನಿಮಿಷ ವಿಶ್ರಾಂತಿ. ಒಳಗೆ ಎಲೆ-ಅಡಿಕೆ, ನೀರು ಏನೂ ಬಾಯಿಗೆ ಹೋಗಬಾರದು.

ಎತ್ತುವ ಕ್ರಮ

ಬಾಗಿಲ ಹೊರಗೆ ಗಾಳಿ ಬರುವ ದಿಕ್ಕಿನಲ್ಲಿ ಹಾಳೆ ಹಾಸಿ. ಆ ಹಾಳೆಯ ಮೇಲೆ ಉಡುಪು ಕಳಚುವುದು, ಅದರಾಚೆ ಕೈ ತೊಳೆಯುವುದು. ಹಾಳೆ ದಾಟಿ ಗಮ್‌ಬೂಟು ಹೋಗಬಾರದು, ಯಾರ ತುರ್ತಿಗೂ.

ಮೊದಲು ಬಾಟಲಿ, ಡಬ್ಬ. ಡ್ರಮ್ಮಿನ ತಳಕ್ಕೆ ನಾಲ್ಕು ಬೆರಳು ಕೆಮ್ಮಣ್ಣು ಹಾಕಿ, ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ, ಸಂದಿಗೆಲ್ಲ ಮಣ್ಣು ತುಂಬಿ. ಎರಡು ಅರ್ಧ ಬಾಟಲಿಯನ್ನು ಒಂದು ಮಾಡುವ ಉಳಿತಾಯ ಬೇಡ. ಏನಕ್ಕೆ ಏನು ಸೇರಿ ಏನಾಗುತ್ತದೆ ಎಂದು ಹೇಳಲಾಗದು. ಗಾಜು ಬಿರುಕು ಬಿಟ್ಟಿದ್ದರೆ ಇಡೀ ಬಾಟಲಿಯನ್ನು ದೊಡ್ಡ ಪ್ಲಾಸ್ಟಿಕ್ ಡಬ್ಬದೊಳಗಿಟ್ಟು ಆಮೇಲೆ ಡ್ರಮ್ಮಿಗೆ. ದ್ರವಕ್ಕೆ ಒಂದು ಡ್ರಮ್, ಪುಡಿ-ಹರಳಿಗೆ ಒಂದು, ಚೀಲ-ಬಟ್ಟೆ-ಉಡುಪಿಗೆ ಒಂದು, ನೆಲ-ಗೋಡೆಯಿಂದ ಕೆರೆದದ್ದಕ್ಕೆ ಒಂದು.

ಪುಡಿಯ ಚೀಲ ಎಳೆದರೆ ಹರಿಯುತ್ತದೆ, ಗೋಣಿ ಆ ವೇಳೆಗೆ ಹಪ್ಪಳವಾಗಿರುತ್ತದೆ. ಪಕ್ಕದಲ್ಲಿ ಹಾಳೆ ಹಾಸಿ, ಇಬ್ಬರೂ ಸೇರಿ ಚೀಲವನ್ನು ಹಾಳೆಯ ಮೇಲೆ ಉರುಳಿಸಿ, ಹಾಳೆ ಸಮೇತ ಸುತ್ತಿ ಡ್ರಮ್ಮಿಗೆ ಇಳಿಸಿ. ಚೆಲ್ಲಿದ ಪುಡಿಯ ಮೇಲೆ ಸೋಪಿನ ನೀರನ್ನು ಮಂಜಿನಂತೆ ಸಿಂಪಡಿಸಬೇಕು, ಪುಡಿ ಕೆಸರಾಗುವಷ್ಟು ಬೇಡ, ಹಾರದಷ್ಟು ಸಾಕು. ಫಾಸ್ಫೈಡ್ ಇಲ್ಲವೆಂದು ಖಾತ್ರಿಯಾಗಿದ್ದರೆ ಮಾತ್ರ ಈ ಸಿಂಪಡಣೆ. ಆಮೇಲೆ ರಟ್ಟಿನಿಂದ ಮೊರಕ್ಕೆ ತಳ್ಳಿ. ಪೊರಕೆ ಬೇಡ, ಮನೆಯ ವ್ಯಾಕ್ಯೂಮ್ ಕ್ಲೀನರ್ ಖಂಡಿತ ಬೇಡ. ಅದರ ಹಿಂಬದಿಯಿಂದ ಸಣ್ಣ ದೂಳೆಲ್ಲ ಮನೆಗೇ ಬರುತ್ತದೆ. ದ್ರವ ಚೆಲ್ಲಿದ ಕಡೆ ಒಣ ಮಣ್ಣು ಸುರಿದು, ಒಂದು ಗಂಟೆ ಹೀರಲು ಬಿಟ್ಟು, ಮಣ್ಣನ್ನು ಎತ್ತಿ. ನೀರು ಹಾಕಿ ಅರಳಿಸದ ಸುಟ್ಟ ಸುಣ್ಣದ ಕಲ್ಲು ಹಾಕುವವರಿದ್ದಾರೆ. ಅದು ತೇವ ಕುಡಿದು ಕುದಿಯುವಷ್ಟು ಬಿಸಿಯಾಗಿ ಆವಿಯನ್ನು ಎಬ್ಬಿಸುತ್ತದೆ.

ನೆಲ, ಗೋಡೆ, ಅಟ್ಟ

ರೆಡ್ ಆಕ್ಸೈಡ್, ಸಿಮೆಂಟ್, ಕಡಪ ಕಲ್ಲಿನ ನೆಲವನ್ನು ಒರೆಸಿ ತೆಗೆಯಬಹುದು. ಲೀಟರಿಗೆ 50 ಗ್ರಾಂ ಬಟ್ಟೆ ಸೋಡ, ಎರಡು ಚಮಚ ದ್ರವ ಸೋಪು. 120 ಚದರಡಿ ಅಂದರೆ ಸುಮಾರು 11 ಚದರ ಮೀಟರ್. ಮೀಟರಿಗೆ ಒಂದು ಲೀಟರಿನಂತೆ ಒಂದು ಸಲಕ್ಕೆ 11 ಲೀಟರ್. ಹಚ್ಚಿ, ಒಣಗಲು ಬಿಡದೆ ಎರಡು ಗಂಟೆ ತೇವವಾಗಿಟ್ಟು, ಬಟ್ಟೆಯಿಂದ ಹೀರಿ ತೆಗೆಯಿರಿ. ಹೀಗೆ ಮೂರು ಸಲ, ಬರೀ ನೀರಿನಲ್ಲಿ ಎರಡು ಸಲ. ಒಟ್ಟು 55 ಲೀಟರಿನ ಸುಮಾರು ಆಗುತ್ತದೆ, ಎಲ್ಲವೂ 100 ಲೀಟರಿನ ಡ್ರಮ್ಮಿಗೆ. ಒಂದು ಚೊಂಬು ಕೂಡ ಚರಂಡಿಗೆ ಹೋಗಬಾರದು. ನಮ್ಮ ಚರಂಡಿ ಕೊನೆಗೆ ಸೇರುವುದು ನಾಲೆಗೋ ಕೆರೆಗೋ. ಎಂಡ್ರಿನ್, ಎಂಡೋಸಲ್ಫಾನ್ ಮೀನಿಗೆ ಅತಿ ಕಡಿಮೆ ಪ್ರಮಾಣದಲ್ಲೇ ಮಾರಕ.

ಕ್ಷಾರ ಏನು ಮಾಡುತ್ತದೆ, ಏನು ಮಾಡದು ಎಂದು ತಿಳಿದಿರಬೇಕು. ಫಾಲಿಡಾಲ್, ನುವಾನ್, ಮಾನೋಕ್ರೊಟೊಫಾಸ್, ಕಾರ್ಬೋಫ್ಯುರಾನ್‌ಗಳನ್ನು ಅದು ನಿಜವಾಗಿಯೂ ಒಡೆಯುತ್ತದೆ, ಹೊತ್ತು ಕೊಡಬೇಕು ಅಷ್ಟೆ. ಡಿಡಿಟಿಯನ್ನು ಡಿಡಿಇ ಎಂಬ ಅಷ್ಟೇ ಗಟ್ಟಿಯಾದ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಎಂಡ್ರಿನ್, ಡೈಎಲ್ಡ್ರಿನ್‌ಗಳನ್ನು ಅದು ಮುಟ್ಟುವುದೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಸೋಪು ಮಾತ್ರ, ನೆಲದಿಂದ ಎಬ್ಬಿಸಿ ನೀರಿಗೆ ತರುತ್ತದೆ. ಆದ್ದರಿಂದಲೇ ತೊಳೆದ ನೀರೂ ವಿಷವೇ. ಬ್ಲೀಚಿಂಗ್ ಪುಡಿ ಹಾಕಬೇಡಿ. ಪ್ಯಾರಾಥಿಯಾನ್ ಜಾತಿಯ ಔಷಧಿಯನ್ನು ಬ್ಲೀಚ್ ಪ್ಯಾರಾಕ್ಸಾನ್ ಆಗಿ ತಿರುಗಿಸಬಲ್ಲದು, ಅದು ಮೂಲಕ್ಕಿಂತ ತೀವ್ರ ವಿಷ. ಟಾಯ್ಲೆಟ್ ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬೇರೆ.

ಸಗಣಿ ಸಾರಿಸಿದ ಮಣ್ಣುನೆಲದ ಕಥೆಯೇ ಬೇರೆ. ವರ್ಷಗಟ್ಟಲೆ ಪದರ ಪದರವಾಗಿ ಕೂತ ಸಗಣಿಯ ಸಾವಯವ ಅಂಶ ಬಿಎಚ್‌ಸಿ, ಡಿಡಿಟಿಗಳನ್ನು ಸ್ಪಂಜಿನಂತೆ ಹಿಡಿದಿಟ್ಟಿರುತ್ತದೆ. ಹಾಗಾಗಿ ವಿಷ ಆಳಕ್ಕೆ ಇಳಿದಿರುವುದು ಕಡಿಮೆ. ಮೇಲಿನ ಒಂದು ಅಂಗುಲ ಕೆರೆದು ತೆಗೆದು, ನಂತರ ಮಾದರಿ ಕೊಟ್ಟು ಪರೀಕ್ಷಿಸಿ. ಮೊದಲೇ ಮೂರು ಅಂಗುಲ ಅಗೆದುಬಿಟ್ಟರೆ 30 ಘನ ಅಡಿ, ಒಂದು ಟನ್ನಿಗಿಂತ ಹೆಚ್ಚು ಅಪಾಯಕಾರಿ ತ್ಯಾಜ್ಯ ನಿಮ್ಮ ತಲೆಗೆ ಬರುತ್ತದೆ. ಒಂದಂಗುಲವೇ 400 ಕೆಜಿಯ ಹತ್ತಿರ, ಅದಕ್ಕೆ ಬೇರೆ ಡ್ರಮ್ಮುಗಳೇ ಬೇಕು. ಕೆರೆದ ಮೇಲೆ ಮತ್ತೆ ಸಗಣಿ ಸಾರಿಸುವ ಆತುರ ಬೇಡ, ಮಾದರಿಯ ಫಲಿತಾಂಶ ಬರಲಿ.

ಮಣ್ಣುಗೋಡೆಯ ಗಾರೆ ಔಷಧಿ ಒರಗಿಸಿಟ್ಟ ಕಡೆ ಕಲೆಯಾಗಿರುತ್ತದೆ. ಕಲೆಯ ಜೊತೆಗೆ ಅದರ ಸುತ್ತಲಿನ ಒಂದಡಿಯನ್ನೂ ಸೇರಿಸಿ, ಅಷ್ಟು ಗಾರೆಯನ್ನು ನೀರು ಸಿಂಪಡಿಸುತ್ತ ಕೆತ್ತಿ ತೆಗೆಯಿರಿ. ಮೇಲೆ ಸುಣ್ಣ ಬಳಿದರೆ ಆವಿ ಅದರೊಳಗಿಂದಲೇ ಹೊರಬರುತ್ತದೆ. ಎಪಾಕ್ಸಿ ಬಳಿದರೆ ಆವಿ ನಿಲ್ಲುತ್ತದೆ, ಆದರೆ ಮಣ್ಣುಗೋಡೆಯ ತೇವ ಒಳಗೇ ಸಿಕ್ಕಿ ಎರಡು ಮಳೆಗಾಲದಲ್ಲಿ ಪದರ ಕಿತ್ತುಬರುತ್ತದೆ. ಸಿಮೆಂಟ್ ಗೋಡೆಗೆ ಎಪಾಕ್ಸಿ ಸರಿ.

ಅಟ್ಟದ ಹಲಗೆ ಔಷಧಿ ಕುಡಿದಿದ್ದರೆ ತೊಳೆದು ಸರಿಮಾಡಲಾಗದು. ಹಳೇ ಹಲಸು, ತೇಗ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಕಲೆಯಾದ ಹಲಗೆಯನ್ನು ಉಜ್ಜಿ ಪಾಲಿಶ್ ಮಾಡಿಸಿ ಊಟದ ಮೇಜು ಮಾಡಬೇಡಿ. ಅದಕ್ಕಿಂತ ಕೆಟ್ಟದ್ದು ಸ್ನಾನದ ಹಂಡೆ ಒಲೆಗೋ ಆಲೆಮನೆಯ ಒಲೆಗೋ ಹಾಕುವುದು. ಬಿಎಚ್‌ಸಿಯಂಥ ಕ್ಲೋರಿನ್ ಇರುವ ಔಷಧಿ ಕಡಿಮೆ ಕಾವಿನ ಒಲೆಯಲ್ಲಿ ಉರಿದಾಗ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುತ್ತದೆ, ಬೂದಿಯಲ್ಲೂ ಉಳಿಯುತ್ತದೆ, ಆ ಬೂದಿ ಪಾತ್ರೆ ಉಜ್ಜಲೋ ಸೊಪ್ಪಿನ ಮಡಿಗೋ ಹೋಗುತ್ತದೆ. ಬಿದಿರಿನ ಕಣಜ, ಗೋಣಿ, ಒನಕೆ, ಮೊರ, ಹಗ್ಗ ಇವೂ ತ್ಯಾಜ್ಯದ ಲೆಕ್ಕಕ್ಕೇ. ಗಾಜು, ಸ್ಟೀಲು ತೊಳೆದರೂ ಅಡುಗೆಗೆ ಬೇಡ.

ಮೈಗೆ ತಗುಲಿದರೆ

ಬಾಯಲ್ಲಿ ಜೊಲ್ಲು, ಕಣ್ಣೀರು, ವಿಪರೀತ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಫಾಲಿಡಾಲ್ ಜಾತಿಯ ಲಕ್ಷಣ. ನಡುಕ, ಫಿಟ್ಸ್ ಎಂಡ್ರಿನ್ ಜಾತಿಯದು. ಬಟ್ಟೆ ಕತ್ತರಿಸಿ ತೆಗೆದು, ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆದು, 108ಕ್ಕೆ ಕರೆ ಮಾಡಿ. ತೊಳೆಯುವವರೂ ಗ್ಲೌಸು ಹಾಕಿರಲಿ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿಯ ದ್ರಾವಕ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು, ಎಣ್ಣೆಯೂ ಬೇಡ. ಲೇಬಲಿನ ಫೋಟೊ ವೈದ್ಯರಿಗೆ ತೋರಿಸಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಕೆಲಸ ಶುರುಮಾಡುವ ಮೊದಲೇ ಬಾಗಿಲ ಹೊರಗೆ ದೊಡ್ಡದಾಗಿ ಬರೆದಿಡಿ.

ಕೆಲಸ ಮುಗಿದ ಮೇಲೆ ಮೊದಲು ಬೂಟು ಒರೆಸಿ, ಹೊರ ಗ್ಲೌಸು ತೆಗೆದು, ಉಡುಪನ್ನು ಒಳಮೈ ಹೊರಗಾಗುವಂತೆ ಸುರುಳಿ ಸುತ್ತಿ ಕಳಚಿ, ರೆಸ್ಪಿರೇಟರನ್ನು ಕೊನೆಗೆ ತೆಗೆದು, ಒಳ ಗ್ಲೌಸನ್ನು ಎಲ್ಲಕ್ಕಿಂತ ಕೊನೆಗೆ. ತಣ್ಣೀರಿನಲ್ಲೇ ಮೊದಲ ಸ್ನಾನ. ಬಿಸಿನೀರು ತಗುಲಿದ ಚರ್ಮ ವಿಷವನ್ನು ಬೇಗ ಒಳಗೆ ಬಿಡುತ್ತದೆ. ಒಳಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ.

ಸಾಗಿಸುವುದು, ಪರೀಕ್ಷೆ

ಅವಧಿ ಮೀರಿದ ಕೀಟನಾಶಕ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಒಂದನೇ ಅನುಸೂಚಿಯಲ್ಲಿದೆ. ಡ್ರಮ್ಮುಗಳನ್ನು ನಿಮ್ಮ ಟ್ರಾಕ್ಟರಿಗೆ ಹೇರಿಕೊಂಡು ಹೋಗುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಾಗಣೆದಾರರೇ ನಮೂನೆ 10ರ ದಾಖಲೆಯೊಂದಿಗೆ ಒಯ್ಯಬೇಕು. ಅಪಾಯಕಾರಿ ತ್ಯಾಜ್ಯದ ಸಾಮೂಹಿಕ ವಿಲೇವಾರಿ ಘಟಕ ಬೆಂಗಳೂರು ಗ್ರಾಮಾಂತರದ ದಾಬಸ್‌ಪೇಟೆಯಲ್ಲಿದೆ. ನಿಯಮದ ಪ್ರಕಾರ ಸಂಗ್ರಹಿಸಿಡುವ ಮಿತಿ 90 ದಿನ, ಆದ್ದರಿಂದ ಅರ್ಜಿ ಮೊದಲು, ಕೆಲಸ ಆಮೇಲೆ. ಅಲ್ಲಿಯವರೆಗೆ ಡ್ರಮ್ಮುಗಳು ನೆರಳಲ್ಲಿ, ಕಟ್ಟೆ ಇರುವ ಸಿಮೆಂಟ್ ನೆಲದ ಮೇಲೆ, ಬೀಗದೊಳಗೆ. ಪ್ರತಿ ಡ್ರಮ್ಮಿನ ಮೇಲೂ ಒಳಗೇನಿದೆ, ಎಷ್ಟು ಕೆಜಿ, ಯಾವ ದಿನ ಮುಚ್ಚಿದ್ದು ಎಂದು ಕನ್ನಡದಲ್ಲೂ ಬರೆಯಿರಿ. ತಿಪ್ಪೆಯಲ್ಲಿ ಹೂಳುವುದು, ಪಾಳು ಬಾವಿಗೆ ಹಾಕುವುದು ಬಹಳ ಕಡೆ ನಡೆದಿದೆ; ಬಾವಿ ಪಾಳು ಬಿದ್ದಿರಬಹುದು, ಅದರಡಿಯ ನೀರು ಪಕ್ಕದವರ ಬೋರ್‌ವೆಲ್ಲಿನದೇ.

ನೆಲದ ಐದು ಕಡೆಯಿಂದ ಒಂದೊಂದು ಹಿಡಿ ಮಣ್ಣು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕೆಜಿಯನ್ನು ಗಾಜಿನ ಜಾಡಿಯಲ್ಲಿ ಹಾಕಿ. ಪ್ಲಾಸ್ಟಿಕ್ ಬೇಡ, ಅದು ಔಷಧಿಯನ್ನು ತಾನೇ ಹೀರುತ್ತದೆ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕೊಟ್ಟು ಆರ್ಗನೋಕ್ಲೋರಿನ್ (ಡಿಡಿಟಿ, ಎಂಡ್ರಿನ್ ಜಾತಿ), ಆರ್ಗನೋಫಾಸ್ಫರಸ್ (ಫಾಲಿಡಾಲ್ ಜಾತಿ) ಮತ್ತು ಪಾದರಸ ಮೂರನ್ನೂ ಕೇಳಿ. ಬರೀ ‘ಮಣ್ಣು ಪರೀಕ್ಷೆ’ ಎಂದರೆ ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಕಳಿಸುತ್ತಾರೆ. ಹೋಲಿಕೆಗೆ ಒಂದು ಅಂದಾಜು: ಅಮೆರಿಕದ ಪರಿಸರ ಸಂಸ್ಥೆ ವಾಸದ ಜಾಗದ ಮಣ್ಣಿಗೆ ಇಟ್ಟುಕೊಂಡ ತಪಾಸಣಾ ಮಟ್ಟ ಕೆಜಿಗೆ ಡಿಡಿಟಿ 1.9 ಮಿಲಿಗ್ರಾಂ, ಡೈಎಲ್ಡ್ರಿನ್ 0.034 ಮಿಲಿಗ್ರಾಂ. ಒಂದೇ ಅಂಕಿಯನ್ನು ಎಲ್ಲ ಔಷಧಿಗೂ ಹಿಡಿಯಬಾರದು ಎನ್ನುವುದಕ್ಕೆ ಈ ಅಂತರವೇ ಸಾಕ್ಷಿ. ಹಿತ್ತಲ ಬಾವಿ ನೀರನ್ನೂ ಇದೇ ಪರೀಕ್ಷೆಗೆ ಕೊಡಿ, ವರದಿ ಬರುವವರೆಗೆ ಕುಡಿಯಲು, ದನಕ್ಕೆ ಬಳಸಬೇಡಿ.

ಗೋಡೆ, ಸಿಮೆಂಟ್ ನೆಲ, ಉಳಿಸಿಕೊಂಡ ಮರಕ್ಕೆ ಒರೆಸು ಪರೀಕ್ಷೆ ಇದೆ: ಲ್ಯಾಬ್ ಕೊಡುವ ಗಾಜ್ ಬಟ್ಟೆಯಿಂದ 10 ಸೆಂ.ಮೀ. ಚೌಕವನ್ನು ಒರೆಸಿ ಕಳಿಸುವುದು. ಇದನ್ನು ಎರಡು ಸಲ ಮಾಡಿಸಿ. ಕೆಲಸ ಮುಗಿದ ವಾರ ಒಮ್ಮೆ, ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಬಾಗಿಲು ಮುಚ್ಚಿಟ್ಟ ಮೇಲೆ ಇನ್ನೊಮ್ಮೆ. ಚಳಿಗಾಲದಲ್ಲಿ ಶುದ್ಧವಾಗಿ ಕಂಡ ಗೋಡೆಯ ಒಳಗಿನದು ಬೇಸಿಗೆಯ ಕಾವಿಗೆ ಮೇಲಕ್ಕೆ ಬರುತ್ತದೆ. ಎರಡನೇ ವರದಿ ಚೆನ್ನಾಗಿ ಬಂದರೂ ಆ ಕೋಣೆಯಲ್ಲಿ ಕಾಳುಕಡ್ಡಿ ತುಂಬುವುದು, ಬಾಣಂತಿ-ಮಗುವನ್ನು ಮಲಗಿಸುವುದು ಬೇಡ. ಸೈಕಲ್ಲು, ನೇಗಿಲು, ಪೈಪು ಇಡಲು ಬಳಸಿಕೊಳ್ಳಿ.